ತಿಂದದ್ದು ಮೈಗೆ ಹತ್ತಬೇಕಾದರೆ

ಮೈ ಇಳಿಸುವ ವಿದ್ಯೆಯನ್ನು ಹೇಳಿಕೊಡುವವರು ಈಗ ಬೀದಿಗೊಬ್ಬರಿದ್ದಾರೆ. ಬಡಕಲು ಮೈಯನ್ನು ತುಂಬಿಸಿಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ಮಾತ್ರ ಸುತ್ತಲಿನವರು ನಗುತ್ತಾರೆ. ‘ನೀವು ಪುಣ್ಯವಂತರು, ಬೇಕಾದ್ದನ್ನು ತಿನ್ನಬಹುದಲ್ಲ!’ ಎಂದು ಹೊಟ್ಟೆಕಿಚ್ಚು ಪಡುವವರೂ ಉಂಟು. ಈ ವಿಷಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನನಗೂ ಮೊದಲು ನಗುವೇ ಬಂದಿತು. ನಾನು ಚಿಕ್ಕಂದಿನಿಂದ ಕಡ್ಡಿ ಪೈಲ್ವಾನನೆಂದೇ ಹೆಸರಾದವನು. ಮದುವೆಯ ದಿನ ನನ್ನ ಪಂಚೆ ಜಾರದಂತೆ ಸೋದರಮಾವನ ಬೆಲ್ಟನ್ನು ಬಿಗಿಯಬೇಕಾಯಿತು. ಆದರೆ ಒಪ್ಪಿಕೊಂಡ ಮೇಲೆ ಏನು ಹೇಳಲೆಂದು ಯೋಚಿಸುತ್ತ ಕುಳಿತಾಗ ನೆನಪಿಗೆ ಬಂದ ಸಂಗತಿ ನಗುವಂಥದಾಗಿರಲಿಲ್ಲ.

ನಾನು ವೈದ್ಯವೃತ್ತಿಯನ್ನು ಹಿಡಿದದ್ದು 1974ರಲ್ಲಿ, ತುಮಕೂರು ಸೀಮೆಯ ಒಂದು ಸಣ್ಣ ಪೇಟೆಯಲ್ಲಿ, ಬಾಡಿಗೆಯ ಎರಡು ಕೋಣೆಗಳಲ್ಲಿ. ಮೊದಲ ವರ್ಷವೇ ಒಬ್ಬ ತಾಯಿ ಹದಿನೆಂಟು ವರ್ಷದ ಮಗನನ್ನು ಕರೆದುಕೊಂಡು ಬಂದಳು. ‘ಎಷ್ಟು ಇಕ್ಕಿದರೂ ಇವನ ಮೈಗೆ ಹತ್ತೋದಿಲ್ಲ ಸ್ವಾಮಿ. ಹೋದ ಯುಗಾದಿಗೆ ಹೊಲಿಸಿದ ಅಂಗಿ ಈಗ ಜೋತಾಡ್ತಾ ಇದೆ. ಏನಾದರೂ ಒಂದು ಟಾನಿಕ್ ಬರೆದುಕೊಡಿ’ ಎಂದಳು. ಕೋಣೆಯ ಹೊರಗೆ ಜನ ಕಾಯುತ್ತಿದ್ದರು. ಹುಡುಗನ ಕಣ್ಣಿನ ರೆಪ್ಪೆಯನ್ನು ಎಳೆದು ನೋಡಿ, ರಕ್ತ ಕಡಮೆಯೆಂದು ಹೇಳಿ, ಒಂದು ಕೆಂಪು ಟಾನಿಕ್ಕನ್ನು ಕೊಟ್ಟು ಕಳುಹಿಸಿದೆ. ತಾಯಿಯ ಸೆರಗು ಹಿಡಿದುಕೊಂಡು ಏಳೆಂಟು ವರ್ಷದ ಮಗಳೊಬ್ಬಳು ನಿಂತಿದ್ದಳು; ಬಾಟಲಿಯ ಬಣ್ಣವನ್ನು ನೋಡಿ ತನಗೂ ಬೇಕೆಂದಳು. ನಾವೆಲ್ಲರೂ ನಕ್ಕೆವು. ನನ್ನ ಕೋಣೆಯ ಮೂಲೆಯಲ್ಲಿ ತೂಕದ ಯಂತ್ರವಿತ್ತು. ಹುಡುಗನನ್ನು ಅದರ ಮೇಲೆ ನಿಲ್ಲಿಸಲಿಲ್ಲ.

ನಾಲ್ಕು ತಿಂಗಳ ಬಳಿಕ ಹುಡುಗ ಮತ್ತೆ ಬಂದ. ಕೈಯಲ್ಲಿದ್ದ ಕರವಸ್ತ್ರದಲ್ಲಿ ರಕ್ತದ ಕಲೆ. ಶ್ವಾಸಕೋಶದ ಕ್ಷಯ. ಆಗಿನ ಪದ್ಧತಿಯಂತೆ ಒಂದೂವರೆ ವರ್ಷ ಔಷಧಿ ತೆಗೆದುಕೊಂಡು ಅವನು ಉಳಿದ. ಅವನ ತಂಗಿ ಉಳಿಯಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಅಣ್ಣನ ಪಕ್ಕದಲ್ಲಿ ಮಲಗುತ್ತಿದ್ದ ಆ ಮಗುವಿಗೆ ರೋಗ ಮಿದುಳಿನ ಪೊರೆಗೆ ಹತ್ತಿತ್ತು.

ತಾಯಿಯ ಆ ಮೂರು ವಾಕ್ಯಗಳಲ್ಲಿ ರೋಗದ ನಿದಾನವೆಲ್ಲ ಅಡಗಿತ್ತೆಂಬುದು ನನಗೆ ಹೊಳೆದದ್ದು ಆಮೇಲೆ. ಹುಡುಗ ತೆಳ್ಳಗಿದ್ದಾನೆ ಎಂದಷ್ಟೇ ಆಕೆ ಹೇಳಿರಲಿಲ್ಲ. ಹೋದ ಯುಗಾದಿಗೆ ಸರಿಯಾಗಿದ್ದ ಅಂಗಿ ಈಗ ಸಡಿಲವಾಗಿದೆ ಎಂದಿದ್ದಳು. ಮೊದಲಿನಿಂದ ಕೃಶನಾಗಿರುವುದು ಬೇರೆ, ಇದ್ದ ಮೈ ಕರಗುವುದು ಬೇರೆ. ಕನ್ನಡದಲ್ಲಿ ನಾವು ಎರಡಕ್ಕೂ ‘ಬಡವಾಗಿದ್ದಾನೆ’ ಎನ್ನುತ್ತೇವೆ. ವೈದ್ಯನಾದವನು ಎರಡನ್ನೂ ಒಂದೇ ಎಂದು ತಿಳಿಯಬಾರದು.

ಆದ್ದರಿಂದ, ಶ್ರೋತೃಗಳೆ, ಮೈ ತುಂಬಿಸಿಕೊಳ್ಳಬೇಕೆಂದು ಹೊರಟವರು ಅಡಿಗೆಮನೆಗೆ ಹೋಗುವ ಮುನ್ನ ತಮ್ಮ ಹಳೆಯ ಅಂಗಿಗಳನ್ನೂ ರವಿಕೆಗಳನ್ನೂ ತೆಗೆದು ನೋಡಲಿ. ಬೇಕೆಂದು ಪಥ್ಯ ಮಾಡದೆ, ಆರು ತಿಂಗಳು ಒಂದು ವರ್ಷದೊಳಗೆ ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದಿದ್ದರೆ, ಎಂದರೆ ಐವತ್ತು ಕಿಲೋದವರು ಎರಡೂವರೆ ಕಿಲೋ ಕಳೆದುಕೊಂಡಿದ್ದರೆ, ಮೊದಲು ಕಾರಣವನ್ನು ಹುಡುಕಬೇಕು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು ಇದ್ದರೆ ಕಫವನ್ನು ಪರೀಕ್ಷಿಸಬೇಕು. ಚೆನ್ನಾಗಿ ಉಂಡೂ ಇಳಿಯುತ್ತಿದ್ದು, ಬಾಯಾರಿಕೆ ಹೆಚ್ಚಿ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಿದ್ದರೆ ಸಕ್ಕರೆ ಕಾಯಿಲೆ ಇರಬಹುದು. ಎದೆ ಡವಗುಟ್ಟಿ ಕೈ ನಡುಗಿ ಸೆಖೆ ಸಹಿಸಲಾಗದಿದ್ದರೆ ಥೈರಾಯ್ಡ್ ಗ್ರಂಥಿಯ ಉಗ್ರತೆಯಿರಬಹುದು. ಜಂತುಹುಳು, ಕರುಳಿನ ಬೇನೆಗಳು, ಅರ್ಬುದ, ಇವೂ ಉಂಟು. ಮನಸ್ಸಿನ ಖಿನ್ನತೆಯಂತೂ ಹಸಿವನ್ನೇ ನುಂಗಿಬಿಡುತ್ತದೆ. ತಾನು ದಪ್ಪಗಿದ್ದೇನೆಂಬ ಭ್ರಮೆಯಿಂದ ಎಲೆಯ ಮುಂದೆ ಕುಳಿತೂ ಉಣ್ಣದ ಹುಡುಗಿಯರನ್ನು ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿಯೂ ಕಾಣುತ್ತಿದ್ದೇನೆ. ಅವರನ್ನು ಬೈದು ಉಣಿಸಲಾಗದು, ಮನೋವೈದ್ಯರ ನೆರವು ಬೇಕು. ಮುದುಕರ ವಿಷಯದಲ್ಲಿ ಎಲ್ಲ ಪರೀಕ್ಷೆಗಳಿಗಿಂತ ಮುಂಚೆ ಬಾಯಿ ತೆರೆಸಿ ನೋಡಬೇಕು. ಹಲ್ಲಿಲ್ಲದ ಬಾಯಿಗೆ ರೊಟ್ಟಿಯನ್ನೂ ಕಾಳಿನ ಪಲ್ಯವನ್ನೂ ಬಡಿಸಿ ‘ಅಜ್ಜ ಏನೂ ತಿನ್ನೋದಿಲ್ಲ’ ಎಂದು ದೂರುವ ಮನೆಗಳು ಎಷ್ಟೋ!

ಇನ್ನು ಎಷ್ಟು ತೂಕವಿದ್ದರೆ ಕಡಮೆಯೆನ್ನಬೇಕು? ಇದಕ್ಕೆ ಒಂದು ಲೆಕ್ಕವಿದೆ. ಕಿಲೋಗ್ರಾಮಿನ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸುವುದು. ಈ ಸಂಬಂಧವನ್ನು ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕೆಟಲೆ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಗುರುತಿಸಿದ್ದ. ಅದಕ್ಕೆ ಈಗಿರುವ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರನ್ನು ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ. ಬಂದ ಅಂಕಿ 18.5ಕ್ಕಿಂತ ಕಡಮೆಯಿದ್ದರೆ ತೂಕ ಸಾಲದೆಂದು ಅರ್ಥ. ಐದು ಅಡಿ ಎತ್ತರದ ಹೆಂಗಸಿಗೆ ಸುಮಾರು 43 ಕಿಲೋ ಈ ಗಡಿ. 170 ಸೆಂಟಿಮೀಟರ್ ಎತ್ತರದ ಗಂಡಸಿಗೆ 53.5 ಕಿಲೋ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49ರ ಪ್ರಾಯದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 18.7 ಮಂದಿ ಈ ಗಡಿಯ ಕೆಳಗಿದ್ದರು, ಗಂಡಸರಲ್ಲಿ 16.2. ದೇಶವೆಲ್ಲ ಉಬ್ಬುತ್ತಿದೆಯೆಂಬ ಮಾತಿನ ನಡುವೆ ಈ ಸಂಖ್ಯೆಯನ್ನು ಮರೆಯಬಾರದು.

ಆದರೂ ಗಡಿ ಗಡಿಯೇ ಹೊರತು ತೀರ್ಪಲ್ಲ. ತಂದೆ ತೆಳ್ಳಗೆ, ಅಜ್ಜ ತೆಳ್ಳಗೆ, ತಾನೂ ತೆಳ್ಳಗೆ. ಹತ್ತು ವರ್ಷದಿಂದ ತೂಕ ಅಲ್ಲಾಡಿಲ್ಲ. ಹಸಿವು ನಿದ್ರೆ ದುಡಿಮೆ ಎಲ್ಲ ಸರಿಯಾಗಿವೆ. ಹೆಂಗಸಾದರೆ ಮುಟ್ಟು ಕ್ರಮವಾಗಿದೆ. ಇಂಥವರನ್ನು ನಾನು ಅವರ ಪಾಡಿಗೆ ಬಿಟ್ಟುಬಿಡುತ್ತೇನೆ. ಮದುವೆಯ ಸಂತೆಯಲ್ಲಿ ಹುಡುಗಿಯ ಮೈ ತುಂಬಿರಬೇಕೆಂದು ಬಯಸುವವರ ಕಣ್ಣಿಗಾಗಿ ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಲೋಕ ನಿಂದಿಸುವ ಎಂಟು ಬಗೆಯ ದೇಹಗಳ ವಿಚಾರವಿದೆ. ಅತಿ ದಪ್ಪವೂ ಅತಿ ಕೃಶವೂ ಆ ಎಂಟರಲ್ಲಿ ಸೇರಿವೆ. ಆದರೆ ಇವೆರಡರಲ್ಲಿ ಕೃಶತೆಯೇ ಮೇಲೆಂದು ಆಚಾರ್ಯರು ತೀರ್ಮಾನಿಸುತ್ತಾರೆ. ನಮ್ಮಂಥ ಕಡ್ಡಿಗಳಿಗೆ ಸಮಾಧಾನ! ಕೃಶನಿಗೆ ಅಲ್ಲಿ ವಿಧಿಸಿರುವುದಾದರೂ ಏನು? ತುಪ್ಪ, ಹಾಲು, ಮೊಸರು, ಕಬ್ಬು, ಅಕ್ಕಿ, ಗೋಧಿ, ಮಾಂಸರಸ. ಜೊತೆಗೆ ನಿಶ್ಚಿಂತೆ ಮತ್ತು ನಿದ್ರೆ. ಹೀಗೆ ತಿಂದು ಮಲಗಿದವನು ಹಂದಿಯಂತೆ ಕೊಬ್ಬುತ್ತಾನೆಂಬ ಹೋಲಿಕೆಯೂ ಇದೆ. ಹೋಲಿಕೆ ನಯವಾಗಿಲ್ಲ, ಆದರೆ ಆ ಪಟ್ಟಿಯ ಮುಖ್ಯಸ್ಥಾನದಲ್ಲಿರುವುದು ಊಟ ಎಂಬುದನ್ನು ಗಮನಿಸಬೇಕು.

ಊಟಕ್ಕೆ ಬದಲಿಯಿಲ್ಲವೆಂಬ ಈ ಹಳೆಯ ತಿಳಿವನ್ನು ತೂಗಿ ಅಳೆದು ತೋರಿಸಿದವರು, ಮೇಲೆ ಹೆಸರಿಸಿದ ಅದೇ ಆನ್ಸೆಲ್ ಕೀಸ್. ಎರಡನೆಯ ಮಹಾಯುದ್ಧದ ಕೊನೆಯ ದಿನಗಳವು. ಯೂರೋಪಿನಲ್ಲಿ ಹಸಿದು ಸೊರಗಿರುವ ಲಕ್ಷಾಂತರ ಜನರಿಗೆ ನಾಳೆ ಹೇಗೆ ಉಣಿಸಬೇಕೆಂಬ ಪ್ರಶ್ನೆ ಎದುರಿತ್ತು. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ 36 ಮಂದಿ ತರುಣರು ತಾವಾಗಿಯೇ ಹಸಿವೆಗೆ ಒಡ್ಡಿಕೊಂಡರು. ಆತ್ಮಸಾಕ್ಷಿಯ ಕಾರಣದಿಂದ ಯುದ್ಧಕ್ಕೆ ಹೋಗಲೊಪ್ಪದವರು ಅವರು. ಕೊಲ್ಲದೆ ಲೋಕಕ್ಕೆ ಉಪಕಾರ ಮಾಡಬೇಕೆಂದು ಬಂದವರು. ಇಪ್ಪತ್ತನಾಲ್ಕು ವಾರ ಅವರಿಗೆ ಅರೆಹೊಟ್ಟೆ. ಆಲೂಗಡ್ಡೆ, ಕೋಸು, ಬ್ರೆಡ್ಡು. ದೇಹದ ಕಾಲುಪಾಲು ತೂಕ ಕರಗಿತು. ತೂಕಕ್ಕಿಂತ ವಿಚಿತ್ರವಾದದ್ದು ಅವರ ಮನಸ್ಸಿಗೆ ಆದದ್ದು: ಸದಾ ಊಟದ ಚಿಂತೆ, ಅಡಿಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದುವುದು, ಸಣ್ಣ ಮಾತಿಗೆ ಸಿಡುಕು, ಬೇಸಗೆಯಲ್ಲೂ ಚಳಿ. ಬಡಕಲು ಮೈಯವರನ್ನು ‘ಸಿಡುಕ’ ಎಂದು ಜರೆಯುವಾಗ ನನಗೆ ಆ ಮೂವತ್ತಾರು ಮಂದಿ ನೆನಪಾಗುತ್ತಾರೆ.

ಮತ್ತೆ ಉಣಿಸುವಾಗ ಕಂಡುಬಂದ ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅವರನ್ನು ಗುಂಪುಗಳಾಗಿ ವಿಂಗಡಿಸಿ ಬೇರೆ ಬೇರೆ ಪ್ರಮಾಣದಲ್ಲಿ ಆಹಾರ ಕೊಟ್ಟರು. ಕೆಲವರಿಗೆ ಜೀವಸತ್ವಗಳನ್ನು, ಕೆಲವರಿಗೆ ಹೆಚ್ಚಿನ ಪ್ರೋಟೀನನ್ನು ಸೇರಿಸಿದರು. ಒಟ್ಟು ಊಟದ ಪ್ರಮಾಣ ಏರದೆ ಇವು ಯಾವುವೂ ಹೇಳಿಕೊಳ್ಳುವಂಥ ಗುಣ ತೋರಲಿಲ್ಲ. ಮೈ ಕಟ್ಟಿಕೊಳ್ಳಲು ಬೇಕಾದದ್ದು ಮೊದಲು ಶಕ್ತಿ, ಅಂದರೆ ಕ್ಯಾಲೊರಿ. ಕೆಲವರಿಗೆ ದಿನಕ್ಕೆ ನಾಲ್ಕು ಸಾವಿರದಷ್ಟು ಬೇಕಾಯಿತು. 1974ರಲ್ಲಿ ನನ್ನ ಕೈಯಲ್ಲಿದ್ದ ಕೆಂಪು ಬಾಟಲಿಯ ವಿಷಯದಲ್ಲಿ ಈ ತೀರ್ಪು ಅದಾಗಲೇ ಇಪ್ಪತ್ತನಾಲ್ಕು ವರ್ಷ ಹಳೆಯದು. ಕೀಸ್ ಅವರ ಎರಡು ಸಂಪುಟದ ಗ್ರಂಥ 1950ರಲ್ಲಿಯೇ ಅಚ್ಚಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅದೇ ಯುದ್ಧದಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದವರಲ್ಲಿ ಕೆಲವರು ಹೊಟ್ಟೆತುಂಬ ಉಂಡ ಮೇಲೆ ಸತ್ತರು. ಹಲವು ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಅನ್ನ ಸಕ್ಕರೆ ಬಿದ್ದರೆ ಇನ್ಸುಲಿನ್ ಉಕ್ಕಿ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳ ಒಳಗೆ ಸರಿದುಬಿಡುತ್ತವೆ. ಹೃದಯದ ಬಡಿತ ತಪ್ಪುತ್ತದೆ. ದೀರ್ಘಕಾಲದ ರೋಗದಿಂದಲೋ ಉಪವಾಸದಿಂದಲೋ ತೀರ ಬತ್ತಿದವರಿಗೆ, ವಾರಗಟ್ಟಲೆ ಕುಡಿದು ಅನ್ನ ಬಿಟ್ಟವರಿಗೆ, ಆಸ್ಪತ್ರೆಯಲ್ಲಿಯೇ ಮೆಲ್ಲಮೆಲ್ಲನೆ ಊಟ ಏರಿಸಬೇಕು. ಹಿಂದಿನವರು ಲಂಘನ ಮುರಿಯುವಾಗ ಗಂಜಿಯಿಂದ ಆರಂಭಿಸುತ್ತಿದ್ದುದರಲ್ಲಿ ವಿವೇಕವಿತ್ತು.

ಕ್ಷಯಕ್ಕೂ ಊಟಕ್ಕೂ ಇರುವ ನಂಟನ್ನು ನಮ್ಮ ಕಾಲದಲ್ಲಿ ಸ್ಪಷ್ಟಪಡಿಸಿದ ಒಂದು ಅಧ್ಯಯನದ ಹಿಂದೆ ನಮ್ಮ ಮಂಗಳೂರಿನವರಿದ್ದಾರೆ. ಅಲ್ಲಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಪ್ರಯೋಗವದು. ಹೆಸರೇ ‘ರೇಷನ್ಸ್’. 2,800 ಮಂದಿ ರೋಗಿಗಳಿಗೆ ಔಷಧಿಯ ಜೊತೆಗೆ ತಿಂಗಳಿಗೆ ಹತ್ತು ಕಿಲೋದ ಒಂದು ಚೀಲ ಕೊಟ್ಟರು: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಮೊದಲಾದವು, ಜೊತೆಗೆ ಜೀವಸತ್ವದ ಮಾತ್ರೆ. ಆ ರೋಗಿಗಳಲ್ಲಿ ಐವರಿಗೆ ನಾಲ್ವರಿಗಿಂತ ಹೆಚ್ಚು ಮಂದಿ 18.5ರ ಗಡಿಯ ಕೆಳಗಿದ್ದರು. ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇಕಡ 61ರಷ್ಟು ಕಡಮೆಯಾಗಿತ್ತು. ನಲವತ್ತು ಕಿಲೋ ತೂಗುವ ಮನುಷ್ಯನಿಗೆ ಅದು ಬರಿಯ ಎರಡು ಕಿಲೋ!

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಯೋಗದ ಇನ್ನೊಂದು ಭಾಗ. ರೋಗಿಯ ಮನೆಯಲ್ಲಿ ಇನ್ನೂ ಆರೋಗ್ಯವಾಗಿದ್ದವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿ. ಅವರಲ್ಲಿ ಒಂದು ಗುಂಪಿನ ಮನೆಗಳಿಗೆ ತಲೆಯೊಂದಕ್ಕೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಮತ್ತು ಮಾತ್ರೆಗಳನ್ನು ಕೊಟ್ಟರು; ಇನ್ನೊಂದು ಗುಂಪಿಗೆ ಕೊಡಲಿಲ್ಲ. ಊಟ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲಿದವರು ಶೇಕಡ 39ರಷ್ಟು ಕಡಮೆ. ಕಫಪರೀಕ್ಷೆಯಂಥ ಪರೀಕ್ಷೆಗಳಲ್ಲಿ ಕ್ರಿಮಿ ಸಿಕ್ಕಿ ಖಚಿತವಾದ ಶ್ವಾಸಕೋಶದ ಕ್ಷಯ ಶೇಕಡ 48ರಷ್ಟು ಕಡಮೆ. 2023ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಅದನ್ನು ಓದಿದ ರಾತ್ರಿ ಕೆಂಪು ಬಾಟಲಿಯನ್ನು ಬೇಡಿದ ಆ ಮಗು ನನ್ನ ಕಣ್ಣ ಮುಂದೆ ಬಹಳ ಹೊತ್ತು ನಿಂತಿತ್ತು. ಅಣ್ಣನ ಕಾಯಿಲೆಯನ್ನು ಮೊದಲ ದಿನವೇ ಗುರುತಿಸಿದ್ದರೆ, ಮನೆಗೆ ಒಂದು ಮೂಟೆ ಅಕ್ಕಿಬೇಳೆ ಹೋಗಿದ್ದರೆ... ಇರಲಿ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ ಐನೂರು ರೂಪಾಯಿ ಕೊಡುತ್ತಿತ್ತು, 2024ರ ಕೊನೆಯಲ್ಲಿ ಅದನ್ನು ಸಾವಿರಕ್ಕೆ ಏರಿಸಿತು. ರೋಗಿಗಳ ಮನೆಯವರು ಕೇಳಿ ಪಡೆಯಬೇಕಾದ ಹಣ ಅದು.

ರೋಗವಿಲ್ಲದೆ ಸುಮ್ಮನೆ ತೂಕ ಸಾಲದವರ ಮಾತಿಗೆ ಬರೋಣ. ಹೋದ ವರ್ಷ ನೆರೆಮನೆಯವರ ಮೊಮ್ಮಗ, ಇಂಜಿನಿಯರಿಂಗ್ ಓದುವ ಹುಡುಗ, ನನ್ನಲ್ಲಿಗೆ ಬಂದ. ‘ಡಾಕ್ಟರ್ ತಾತ, ಇದನ್ನ ತಗೊಳ್ಳಲಾ?’ ಎಂದು ಫೋನಿನಲ್ಲಿ ಒಂದು ದೊಡ್ಡ ಡಬ್ಬಿಯ ಚಿತ್ರ ತೋರಿಸಿದ. ಬೆಲೆ ನಾಲ್ಕು ಸಾವಿರ ರೂಪಾಯಿ. ಡಬ್ಬಿಯ ಮೇಲೆ ಎತ್ತಿನ ಭುಜದಂಥ ಭುಜದವನ ಚಿತ್ರ. ಈ ಸಲ ನಾನು ತೂಕದ ಯಂತ್ರವನ್ನು ಮರೆಯಲಿಲ್ಲ. 170 ಸೆಂಟಿಮೀಟರ್ ಎತ್ತರ, 48 ಕಿಲೋ ತೂಕ, ಲೆಕ್ಕಕ್ಕೆ 16.6. ಮೂರು ವರ್ಷದ ಹಿಂದಿನ ಅಂಗಿ ಸರಿಯಾಗಿಯೇ ಇದೆ, ಜ್ವರ ಕೆಮ್ಮಿಲ್ಲ, ಪರೀಕ್ಷೆಗಳೆಲ್ಲ ಸರಿ. ‘ಹೊಟ್ಟೆ ತುಂಬ ತಿಂತೀನಿ ತಾತ, ಮೈಗೇ ಹತ್ತಲ್ಲ’ ಎಂದ. ಮೂರು ದಿನ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆದುಕೊಂಡು ಬಾ ಎಂದೆ. ಬೆಳಿಗ್ಗೆ ತಿಂಡಿಯಿಲ್ಲ, ಎರಡು ಲೋಟ ಕಾಫಿ. ಮಧ್ಯಾಹ್ನ ಒಂದು ಸಣ್ಣ ತಟ್ಟೆ ಚಿತ್ರಾನ್ನ. ಸಂಜೆ ಮತ್ತೆ ಕಾಫಿ, ಒಂದು ಪೊಟ್ಟಣ ಚಿಪ್ಸು. ರಾತ್ರಿ ಹಾಸ್ಟೆಲಿನ ಊಟ; ತಿಳಿಸಾರಿನಲ್ಲಿ ಮುಳುಗಿದ ಅನ್ನ. ಓದಿ ಹೇಳುತ್ತಿದ್ದಂತೆ ಅವನೇ ಪೆಚ್ಚಾದ. ತೆಳ್ಳಗಿರುವವರು ತಾವು ತಿನ್ನುವುದನ್ನು ಹೆಚ್ಚಾಗಿಯೂ ದಪ್ಪಗಿರುವವರು ಕಡಮೆಯಾಗಿಯೂ ನೆನಪಿಡುವುದನ್ನು ಐವತ್ತು ವರ್ಷಗಳಿಂದ ಕಂಡಿದ್ದೇನೆ. ಬರೆದ ಕಾಗದ ಸುಳ್ಳಾಡುವುದಿಲ್ಲ.

ಒಂದು ಕಿಲೋ ತೂಕ ಏರಬೇಕಾದರೆ ಖರ್ಚಿಗೆ ಮಿಗಿಲಾಗಿ ಸುಮಾರು ಏಳೂವರೆ ಸಾವಿರ ಕ್ಯಾಲೊರಿ ಮೈಯಲ್ಲಿ ನಿಲ್ಲಬೇಕೆಂಬುದು ಸ್ಥೂಲವಾದ ಲೆಕ್ಕ. ದಿನಕ್ಕೆ ಐನೂರು ಹೆಚ್ಚಿಗೆ ತಿಂದರೆ ಹದಿನೈದು ದಿನಕ್ಕೆ ಒಂದು ಕಿಲೋ ಆಗಬೇಕು. ಆದರೆ ದೇಹ ಜಿಪುಣನಲ್ಲ, ಹೆಚ್ಚಿಗೆ ಬಂದದ್ದರಲ್ಲಿ ಒಂದಷ್ಟನ್ನು ಶಾಖವಾಗಿ, ಚಡಪಡಿಕೆಯಾಗಿ ಚೆಲ್ಲಿಬಿಡುತ್ತದೆ. ತಿಂಗಳಿಗೆ ಒಂದು, ಒಂದೂವರೆ ಕಿಲೋ ಏರಿದರೆ ಸಾಕು. ಅದಕ್ಕಿಂತ ಬೇಗ ಬಂದದ್ದು ಬಹುಪಾಲು ಕೊಬ್ಬೇ.

ಈ ಐನೂರನ್ನು ಎಲ್ಲಿಂದ ತರುವುದು? ಒಂದು ಹಿಡಿ, ಎಂದರೆ ಐವತ್ತು ಗ್ರಾಂ ಕಡಲೆಕಾಯಿಯಲ್ಲಿ ಸುಮಾರು 270 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಎರಡು ಬಾಳೆಹಣ್ಣಿನಲ್ಲಿ ಇನ್ನೂರು. ಬಿಸಿ ಅನ್ನಕ್ಕೆ ಹಾಕಿಕೊಂಡ ಒಂದು ಟೀ ಚಮಚ ತುಪ್ಪದಲ್ಲಿ ನಲವತ್ತೈದು. ಲೆಕ್ಕ ಮುಗಿಯಿತು! ಎರಡು ಮೊಟ್ಟೆ ತಿನ್ನುವವರಿಗೆ ಇನ್ನೊಂದು ನೂರೈವತ್ತು, ಜೊತೆಗೆ ಹನ್ನೆರಡು ಗ್ರಾಂ ಪ್ರೋಟೀನು. ಕಡಲೆಕಾಯಿಯ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿಯೆಂದು ಮನೆಯಲ್ಲಿ ಹಾಸ್ಯಮಾಡುತ್ತಾರೆ. ಆದರೆ ಪಕ್ಷಪಾತಕ್ಕೆ ಆಧಾರವುಂಟು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಬಡವರ ಊಟಕ್ಕೆ ಬಲ ತುಂಬಲು ರೂಪಿಸಿದ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಹಿಟ್ಟಿನಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು. ಮೇಲೆ ಜೀವಸತ್ವಗಳು, ಸುಣ್ಣದಂಶ. ಹೆಸರು ಇಂಗ್ಲಿಷಿನದಾದರೂ ಸಾಮಗ್ರಿ ನಮ್ಮ ಸಂತೆಯದೇ. ಧಾರವಾಡದ ಕಡೆಯವರು ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿಪುಡಿಗೆ ಎಣ್ಣೆಯನ್ನೋ ಮೊಸರನ್ನೋ ಕಲಸಿಕೊಂಡು ತಿನ್ನುವಾಗ, ಬಾಣಂತಿಗೆ ಅಂಟಿನುಂಡೆ ಕಟ್ಟುವಾಗ, ನಮ್ಮ ಕಡೆಯವರು ಹುರಿಹಿಟ್ಟಿಗೆ ಬೆಲ್ಲ ಹಾಲು ಬೆರೆಸುವಾಗ, ಈ ಲೆಕ್ಕವನ್ನೇ ಮಾಡುತ್ತಿದ್ದರು. ಅಂಕಿಗಳನ್ನು ಬರೆದಿಡಲಿಲ್ಲ, ಅಷ್ಟೆ. ಒಂದು ಮಾತು: ಬೂಷ್ಟು ಹಿಡಿದ, ಮುಗ್ಗಿದ ಕಡಲೆಕಾಯಿಯನ್ನು ಒಂದು ಕಾಳೂ ಬಿಡದೆ ಎಸೆಯಬೇಕು, ಆ ಬೂಷ್ಟಿನ ವಿಷ ಯಕೃತ್ತಿಗೆ ಕೇಡು.

ಹಸಿವು ಸಣ್ಣದಾದವರು ಮೂರು ದೊಡ್ಡ ಊಟಕ್ಕೆ ಹೆಣಗುವುದಕ್ಕಿಂತ ಐದು ಹೊತ್ತು ಸಣ್ಣದಾಗಿ ತಿನ್ನುವುದು ಲೇಸು. ಊಟದ ಮೊದಲು ಕಾಫಿ ಬೇಡ, ಲೋಟಗಟ್ಟಲೆ ನೀರೂ ಬೇಡ. ತಿಳಿಸಾರು ನಾಲಗೆಗೆ ಸೊಗಸು, ಆದರೆ ಹೊಟ್ಟೆಯ ಜಾಗವನ್ನು ನೀರಿನಿಂದ ತುಂಬುತ್ತದೆ. ಕೃಶರು ಗಟ್ಟಿಯಾದ ಹುಳಿಯನ್ನು, ಕಾಳಿನ ಗೊಜ್ಜನ್ನು, ಕೆನೆಮೊಸರನ್ನು ಮೊದಲು ಬಡಿಸಿಕೊಳ್ಳಲಿ. ಪ್ರೋಟೀನು ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಇದ್ದರೆ ಮೈ ಕಟ್ಟಲು ಸಾಕು. ನಮ್ಮ ಹುಡುಗನಿಗೆ ಅರವತ್ತರಿಂದ ಎಪ್ಪತ್ತೈದು ಗ್ರಾಂ. ಮೂತ್ರಪಿಂಡದ ರೋಗವಿದ್ದವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಏರಿಸಬಾರದು. ಸಕ್ಕರೆಯ ಪಾನಕ, ಬೇಕರಿಯ ತಿನಿಸು, ಎಣ್ಣೆಯಲ್ಲಿ ಕರಿದದ್ದು, ಇವುಗಳಿಂದಲೂ ತೂಕವೇನೋ ಏರುತ್ತದೆ. ಆದರೆ ಎಲ್ಲಿ ಏರುತ್ತದೆ?

ಈ ಪ್ರಶ್ನೆ ನಮ್ಮ ದೇಶದವರಿಗೆ ಬಹಳ ದೊಡ್ಡದು. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ತಮ್ಮ ಮೈಯನ್ನೇ ಅಳೆಸಿಕೊಂಡು ಪ್ರಕಟಿಸಿದರು. ಮೇಲೆ ಹೇಳಿದ ಲೆಕ್ಕದಲ್ಲಿ ಇಬ್ಬರದೂ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿದ್ದ ಕೊಬ್ಬು ನೂರಕ್ಕೆ 9.1, ಯಾಜ್ಞಿಕರದು 21.2! ನಮ್ಮವರು ನೋಡಲು ತೆಳ್ಳಗಿದ್ದರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಸೇರಿಸಿಕೊಳ್ಳುವ ಜಾಯಮಾನದವರು. ಸಕ್ಕರೆ ಕಾಯಿಲೆಗೆ ಅದೇ ದಾರಿ. ಕೀಸ್ ಅವರ ತರುಣರಲ್ಲಿಯೂ ಮೊದಲು ಮರಳಿದ್ದು ಕೊಬ್ಬು, ಮಾಂಸಖಂಡ ಹಿಂದುಳಿಯಿತು. ಆದ್ದರಿಂದ ಕೈಕಾಲು ಕಡ್ಡಿಯಾಗಿಯೇ ಉಳಿದು ಹೊಟ್ಟೆ ಮಾತ್ರ ಗಡಿಗೆಯಾಗುವುದನ್ನು ತಪ್ಪಿಸಬೇಕಾದರೆ ತಿಂದವನು ಮೈ ಬಗ್ಗಿಸಲೇಬೇಕು. ನಡಿಗೆಯೊಂದೇ ಸಾಲದು, ಭಾರ ಎತ್ತಬೇಕು, ಇಲ್ಲವೇ ಗರಡಿಯವರ ಹಾಗೆ ಸಾಮು ತೆಗೆದು ಬಸ್ಕಿ ಹೊಡೆಯಬೇಕು, ವಾರಕ್ಕೆ ಮೂರು ದಿನವಾದರೂ. ಸಾಹಿತ್ಯಪ್ರಿಯರಿಗೆ ಇದು ಒಗ್ಗದ ಮಾತೆಂದು ತೋರಬಹುದು. ಆದರೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರೆಂಬುದನ್ನೂ ಕೈಲಾಸಂ ಅವರ ಆಪ್ತಮಿತ್ರರಾಗಿದ್ದರೆಂಬುದನ್ನೂ ಮರೆಯದಿರೋಣ. ಕಬ್ಬಿಣದ ಗುಂಡೂ ಲೇಖನಿಯೂ ಒಂದೇ ಕೈಯಲ್ಲಿ ಇರಬಲ್ಲವು.

ಡಬ್ಬಿಯ ಪುಡಿಗಳ ಬಗ್ಗೆ ಹೆಚ್ಚು ಹೇಳಲಾರೆ. ಒಳ್ಳೆಯವುಗಳಲ್ಲಿ ಇರುವುದು ಸಕ್ಕರೆ, ಹಾಲಿನ ಪ್ರೋಟೀನು; ಕಡಲೆಕಾಯಿ ಮಾಡುವ ಕೆಲಸವನ್ನೇ ಹತ್ತುಪಟ್ಟು ಬೆಲೆಗೆ ಮಾಡುತ್ತವೆ. ಕೆಟ್ಟವುಗಳಲ್ಲಿ, ಹೆಸರು ವಿಳಾಸವಿಲ್ಲದೆ ಮಾರುವ ಪೊಟ್ಟಣಗಳಲ್ಲಿ, ಸ್ಟೆರಾಯ್ಡ್ ಬೆರೆತಿರಬಹುದು. ಮುಖ ಗುಂಡಗಾಗುತ್ತದೆ, ಮನೆಯವರು ಹಿಗ್ಗುತ್ತಾರೆ. ಒಳಗೆ ಮೂಳೆ ಸವೆಯುತ್ತಿರುತ್ತದೆ, ರಕ್ತದ ಸಕ್ಕರೆ ಏರುತ್ತಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಹಸಿವಿನ ಟಾನಿಕ್ಕೆಂದು ಮಾರುವ ಸೈಪ್ರೊಹೆಪ್ಟಡಿನ್ ನಿಜಕ್ಕೂ ಅಲರ್ಜಿಯ ಔಷಧಿ; ಹಸಿವು ಕೆರಳುವುದುಂಟು, ಜೊತೆಗೆ ತೂಕಡಿಕೆ. ಬಿಟ್ಟೊಡನೆ ಹಸಿವೂ ಹೋಗುತ್ತದೆ.

ಇನ್ನು ನಮ್ಮ ಹೆಣ್ಣುಮಕ್ಕಳ ಮಾತು. ನನ್ನಲ್ಲಿಗೆ ಬರುತ್ತಿದ್ದ ಬಡಕಲು ಹೆಂಗಸರಲ್ಲಿ ಬಹುಮಂದಿಗೆ ಯಾವ ರೋಗವೂ ಇರಲಿಲ್ಲ. ಅವರು ಕೊನೆಯ ಪಂಕ್ತಿಯವರು. ಮನೆಯವರೆಲ್ಲ ಉಂಡೆದ್ದ ಮೇಲೆ ತಪ್ಪಲೆಯ ತಳದಲ್ಲಿ ಉಳಿದ ಅನ್ನ, ಬೇಳೆಯೆಲ್ಲ ಮೇಲಿನವರ ಪಾಲಾಗಿ ಉಳಿದ ಸಾರಿನ ನೀರು, ಚೂರು ಉಪ್ಪಿನಕಾಯಿ. ಇಂಥ ಒಬ್ಬ ಸೊಸೆಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಅವಳ ಅತ್ತೆಯನ್ನು ಒಳಗೆ ಕರೆದು, ‘ತಾಯಿ, ಈ ಔಷಧಿ ಮನೆಯವರ ಜೊತೆಯಲ್ಲೇ ಕೂತು ಉಂಡರೆ ಮಾತ್ರ ಕೆಲಸ ಮಾಡುತ್ತೆ, ಕೊನೆಗೆ ಉಂಡರೆ ಕೆಲಸಕ್ಕೆ ಬಾರದು’ ಎಂದಿದ್ದೆ. ಶಾಸ್ತ್ರಕ್ಕೆ ವಿರುದ್ಧವಾದ ಸುಳ್ಳು. ಆರು ತಿಂಗಳಲ್ಲಿ ಅವಳು ಮೂರು ಕಿಲೋ ಏರಿದಳು. ಆ ಸುಳ್ಳನ್ನು ಆಮೇಲೆ ಎಷ್ಟೋ ಮನೆಗಳಿಗೆ ಹೇಳಿದ್ದೇನೆ. ಈಗ ಬಾನುಲಿಯಲ್ಲಿಯೇ ಬಯಲಾಯಿತು, ಅತ್ತೆಯಂದಿರು ಕ್ಷಮಿಸಬೇಕು.

ನೆರೆಮನೆಯ ಹುಡುಗ ಡಬ್ಬಿಯನ್ನು ಕೊಳ್ಳಲಿಲ್ಲ. ಹಾಲು ಅವನಿಗೆ ಆಗದು; ಮೊಸರು ಆಗುತ್ತದೆ. ಬೆಳಿಗ್ಗೆ ಹಾಸ್ಟೆಲಿನ ತಿಂಡಿಯನ್ನು ಬಿಡುವುದಿಲ್ಲ, ಜೇಬಿನಲ್ಲಿ ಹುರಿದ ಕಡಲೆಕಾಯಿ ಬೆಲ್ಲ ಇಟ್ಟುಕೊಳ್ಳುತ್ತಾನೆ, ಸಂಜೆಯ ಕಾಫಿಗೆ ಬದಲು ಬಾಳೆಹಣ್ಣು, ಕೋಣೆಯಲ್ಲಿ ಬಸ್ಕಿ. ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ, ಬರಿಹೊಟ್ಟೆಯಲ್ಲಿ ತೂಕ ನೋಡಿಕೊಂಡು ಒಂದು ಕಾಗದದಲ್ಲಿ ಬರೆಯಬೇಕೆಂದಿದ್ದೆ. ದಿನವೂ ನೋಡಿದರೆ ನೀರಿನ ಏರಿಳಿತವೇ ಕಂಡು ಮನಸ್ಸು ಕೆಡುತ್ತದೆ. ಮೊದಲ ತಿಂಗಳು ಎರಡನೆಯ ತಿಂಗಳು ಅರ್ಧರ್ಧ ಕಿಲೋ, ಪರೀಕ್ಷೆಯ ತಿಂಗಳು ಇದ್ದದ್ದೂ ಇಳಿಯಿತು, ಮತ್ತೆ ಹತ್ತಿತು. ಎಂಟು ತಿಂಗಳಿಗೆ 52.5 ಕಿಲೋ. ಗಡಿಗೆ ಇನ್ನೂ ಒಂದು ಕಿಲೋ ಬೇಕು. ಕಳೆದ ವಾರ ಬಂದವನು ಕಾಗದವನ್ನು ಮೇಜಿನ ಮೇಲಿಟ್ಟು, ‘ತಾತ, ಅಮ್ಮನಿಗೂ ತೂಕ ನೋಡಬೇಕಂತೆ’ ಎಂದ. ಹೊರಗೆ ಬಾಗಿಲ ಬಳಿ ಆಕೆ ನಿಂತಿದ್ದರು. ಮೂಲೆಯ ಯಂತ್ರವನ್ನು ಬೆಳಕಿಗೆ ಎಳೆದು, ಚಪ್ಪಲಿ ಬಿಟ್ಟು ಬರಬೇಕೆಂದು ಹೇಳಿದೆ.